ಆನೆಯ ಹೊಟ್ಟೆಯ ಮೇಲೆ ಬರೆದ ಸಂಖ್ಯೆ

ನಮ್ಮ ಕೆಲಸ ಸಂಖ್ಯೆಗಳನ್ನು ಅಳಿಸುವುದು. ಕಲ್ಲು ತನ್ನ ಜಾಗದಲ್ಲಿ ಕೂತಮೇಲೆ ಅದರ ಸಂಖ್ಯೆ ಯಾರಿಗೂ ಬೇಡ.

ಇಲ್ಲಿ, ಅರಬ್ ಕೊಲ್ಲಿಯ ರಾಸ್ ಅಲ್ ಖೈಮಾದಲ್ಲಿ, ಏಳುತ್ತಿದ್ದ ಗುಡಿಗೆ ಕೆತ್ತಿದ ಕಲ್ಲುಗಳು ರಾಜಸ್ಥಾನದಿಂದ ಹಡಗಿನಲ್ಲಿ ಬರುತ್ತಿದ್ದವು. ಪೆಟ್ಟಿಗೆ ಒಡೆದು, ಪಟ್ಟಿ ನೋಡಿ, ಒಂದೊಂದರ ಮೇಲೂ ಅದರ ಜಾಗದ ಸಂಖ್ಯೆಯನ್ನು ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದವರು ನನ್ನ ಗಂಡ ಹರ್ಷದ್. ಎರಡು ತಿಂಗಳ ಹಿಂದೆ ಅಂಥದ್ದೇ ಒಂದು ಪೆಟ್ಟಿಗೆಯ ಪಕ್ಕದಲ್ಲಿ ಕುಸಿದರು, ಮತ್ತೆ ಏಳಲಿಲ್ಲ. ನಾನು ಈ ದೇಶದಲ್ಲಿ ಇದ್ದದ್ದು ಅವರ ವೀಸಾದ ಮೇಲೆ. ಶುಕ್ರವಾರ ನನ್ನ ವಿಮಾನ.

"ಗಂಡ ಹೋಗಿ ವರ್ಷ ತುಂಬಿಲ್ಲ, ಗುಡಿಯೊಳಗೆ ಬರಬಹುದಾ?" ಎಂದು ಯಾರೋ ಕೇಳಿದ್ದಕ್ಕೆ, ಹೆಂಗಸರ ಸೇವೆ ನೋಡಿಕೊಳ್ಳುವ ವಸುಬೆನ್, "ಮೂರ್ತಿ ಬರೋವರೆಗೂ ಇದು ಗುಡಿ ಅಲ್ಲ, ಬರೀ ಕಲ್ಲು. ಸರಯೂ, ತಗೊಳ್ಳೇ," ಎಂದು ಉಪ್ಪುಕಾಗದ ನನ್ನ ಕೈಗಿಟ್ಟಿದ್ದಳು. ನಾನು ಅಳಲಿ ಎಂದು ಎಲ್ಲರೂ ಕಾಯುತ್ತಿದ್ದರು. ನಾನು ಉಜ್ಜುತ್ತಿದ್ದೆ.

ಹರ್ಷದ್ ಅವರ ಕೈಕೆಳಗಿನ ಹುಡುಗರು ಬರೆದದ್ದನ್ನೇ ಉಜ್ಜುತ್ತಿದ್ದೆ. ಹರ್ಷದ್ ಮಾತ್ರ ಯಾವಾಗಲೂ ಜೋಡಣೆಯಲ್ಲಿ ಮರೆಯಾಗುವ ಬದಿಗೇ ಬರೆಯುತ್ತಿದ್ದರು. "ಕೆತ್ತನೆ ಮೇಲೆ ಬರೆಯೋನು ಗುಡಿ ಕಟ್ಟೋ ಸೋಂಪುರಾ ಅಲ್ಲ, ಗುಮಾಸ್ತ," ಎಂದು ಹುಡುಗರನ್ನು ಬೈಯುತ್ತಿದ್ದರು. ಆದರೆ ಸೋಮವಾರ ಕೆಳಸಾಲಿನ ಕಲ್ಲಿನ ಆನೆಯೊಂದರ ಹೊಟ್ಟೆಯ ಮೇಲೆ ಅವರ ಕೈಬರಹ ಕಂಡಿತು. ೪೧೨. ಕೊನೆಯ ದಿನದ ಪೆಟ್ಟಿಗೆಯದು. ಮೈ ಸರಿಯಿಲ್ಲದೆ ಬದಿ ಮರೆತಿದ್ದರು.

ಎರಡು ದಿನ ಅದಕ್ಕೆ ಬೆನ್ನು ಮಾಡಿ ಕೂತು ಪಕ್ಕದ ಆನೆಗಳನ್ನು ಉಜ್ಜಿದೆ.

ಬುಧವಾರ ವಸುಬೆನ್ ನನ್ನ ಹಿಂದೆ ಇಣುಕಿದಳು. "ಅಯ್ಯ, ಇದೊಂದು ಉಳ್ಕೊಂಡಿದೆಯಲ್ಲೇ! ನಾಳೆ ದೊಡ್ಡ ಸ್ಥಪತಿ ನೋಡೋಕೆ ಬರ್ತಾರೆ."

"ಇದನ್ನ ಬಿಟ್ಬಿಡೋಣ, ವಸುಬೆನ್."

"ನಂಬರ್ ಹಾಗೇ ಬಿಡೋಕೆ ಇದೇನು ಆನೇನಾ, ಸಿಟಿ ಬಸ್ಸಾ?" ಎಂದು ನಕ್ಕವಳು, ಆ ಕೆಂಪು ಅಂಕಿಗಳನ್ನೇ ನೋಡುತ್ತಾ ನಿಂತಳು. ನಗು ನಿಂತಿತು. "ಬಿಡೋಕಾಗಲ್ಲ ಕಣೇ. ಬೇಕಾದ್ರೆ ನಾನು ಉಜ್ತೀನಿ, ನೀನು ಆ ಕಡೆ ಹೋಗು."

"ಬೇಡ."

ಮೇಲೆ ಅಟ್ಟಣೆಯಲ್ಲಿ ಶೇರ್ ಜಮಾನ್ ಕೂತಿದ್ದ. ಪೇಶಾವರದ ಕಡೆಯ ಕಲ್ಲುಕೆಲಸದವನು. ಹರ್ಷದ್ ಜೊತೆ ನಾಲ್ಕು ವರ್ಷ ದುಡಿದವನು.

"ಭಾಭಿ, ಮೇಲೆ ಬನ್ನಿ. ಈ ಚಪ್ಪಡಿ ಈಗ ಇಳಿಸ್ತೀವಿ."

ಹತ್ತಿದೆ. ಸರಪಳಿಯಲ್ಲಿ ಕಲ್ಲು ತೂಗುತ್ತಿತ್ತು. ಅದರ ಮರೆಯಾಗುವ ಅಂಚಿನಲ್ಲಿ ಕೆಂಪಾಗಿ ೪೩೬.

"ಹರ್ಷದ್ ಭಾಯಿ ಬರೆದದ್ದೇ. ಮುಟ್ಟಿ ನೋಡಿ. ಇಂಥವು ನೂರಾರು ಗೋಡೆ ಒಳಗಿವೆ, ಎಲ್ಲಾ ನಾನೇ ಇಟ್ಟಿದ್ದು. ಇನ್ನು ಯಾರ ಕೈಲೂ ಉಜ್ಜೋಕಾಗಲ್ಲ. ನಿಮ್ಮ ವಸುಬೆನ್ ಕೈಲೂ ಆಗಲ್ಲ."

"ನನ್ನ ಹೆಸರ್ಯಾಕೋ ಅಲ್ಲಿ?" ಎಂದಳು ಕೆಳಗಿನಿಂದ ವಸುಬೆನ್.

ಬೆರಳಿಟ್ಟೆ. ಬಣ್ಣದಲ್ಲಿ ಕುಂಚದ ಒಂದು ಕೂದಲು ಅಂಟಿ ಒಣಗಿತ್ತು. ಅದನ್ನು ಕೀಳಬಹುದಿತ್ತು. ಕೀಳಲಿಲ್ಲ.

"ಇಳಿಸಲಾ?" ಎಂದ ಶೇರ್ ಜಮಾನ್.

"ಇಳಿಸಿ ಭಾಯಿ."

ಕಲ್ಲಿಗೆ ಕಲ್ಲು ತಾಗಿತು. ಅಂಥ ದೊಡ್ಡ ಶಬ್ದವೇನೂ ಆಗಲಿಲ್ಲ; ಹಿಟ್ಟಿನ ಡಬ್ಬಿಯ ಮುಚ್ಚಳ ಕೂತ ಹಾಗೆ. ನಡುವೆ ಒಂದು ಗೆರೆ ಉಳಿಯಿತು, ಅಷ್ಟೆ.

ಕೆಳಗಿಳಿದು ಆನೆಯ ಮುಂದೆ ಕೂತೆ. ಮೊದಲು ೨ ಹೋಯಿತು, ಆಮೇಲೆ ೧. ೪ ಗಟ್ಟಿಯಾಗಿತ್ತು, ಹೊಸ ಕಾಗದ ಬೇಕಾಯಿತು. ಅಂಗೈಯಿಂದ ಸವರಿದರೆ ಹೊಟ್ಟೆ ನುಣುಪಾಗಿತ್ತು, ಉಳಿದ ಆನೆಗಳ ಹಾಗೇ.

ಚಹಾಕ್ಕೆ ಮೊದಲು ಕೈ ತೊಳೆದೆ. ಉಜ್ಜಿದ ಕೈಯ ಉಗುರಿನೊಳಗೆ ಕೆಂಪು ಪುಡಿ ಹಾಗೇ ಇತ್ತು. ವಸುಬೆನ್ ನನ್ನ ಕೈ ಹಿಡಿದು ನೋಡಿ, "ಶುಕ್ರವಾರದ ಹೊತ್ತಿಗೆ ಹೋಗುತ್ತೆ ಬಿಡು," ಎಂದಳು.

"ಹೂಂ," ಎಂದೆ. ಅವಳು ಕೊಟ್ಟ ಥೇಪ್ಲಾ ರೊಟ್ಟಿಯನ್ನು ಇನ್ನೊಂದು ಕೈಯಲ್ಲಿ ತಿಂದೆ.