ಕಂಬದ ಮೇಲಿನ ಬಿರುದು

ನನ್ನ ಗಂಡ ಬೋರ್ಡು ಬರೆಯುವವನು. ಅಕ್ಷರ ದುಂಡಗೆ, ಬುದ್ಧಿ ಮೊಂಡು. ಅಕ್ಷರಕ್ಕೊಂದು ಗೇಣು ಎಂದರೆ ಗೇಣೇ. ಆ ಬ್ರಹ್ಮ ಬಂದು ಹೇಳಿದರೂ ಒಂದು ಬೆರಳು ಕಡಿಮೆ ಮಾಡುವವನಲ್ಲ.

ರಾಜಧಾನಿಯಲ್ಲಿ ಮಂತ್ರಿಗಳು ಕುರ್ಚಿಗಾಗಿ ಕಿತ್ತಾಡುತ್ತಿದ್ದರು. ಇದೇ ಸಮಯವೆಂದು ನಮ್ಮೂರಿನ ಹವಾಲ್ದಾರ ನಲವತ್ತು ಬಂದೂಕಿನವರನ್ನು ಕಟ್ಟಿಕೊಂಡು ಸರ್ಕಾರಿ ಕಚೇರಿಗೆ ನುಗ್ಗಿ, ತನಗೆ ತಾನೇ ದಂಡನಾಯಕನೆಂಬ ಬಿರುದು ಕೊಟ್ಟುಕೊಂಡ. ಕೇಳುವವರು ಯಾರು? ಬಿರುದನ್ನು ಗೇಟಿನ ಕಂಬದ ಮೇಲೆ ಬರೆಯಲು ನನ್ನ ಗಂಡನಿಗೇ ಹೇಳಿಕಳಿಸಿದ.

ಕಂಬದ ಅಗಲ ನಾಲ್ಕೇ ಗೇಣು, ಅಕ್ಷರ ಆರು. ಈ ಮಹಾರಾಯ ಮೇಲೆ ‘ದಂಡ’ ಎಂದು ಬರೆದು, ಕೆಳಗಿನ ಸಾಲಿನಲ್ಲಿ ‘ನಾಯಕರು’ ಎಂದು ಬರೆದು, ಕುಂಚ ತೊಳೆದುಕೊಂಡು ಮನೆಗೆ ಬಂದ. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ “ದಂಡ! ನಾಯಕರು!” ಎಂದು ಬಿಡಿಸಿ ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಸಂಜೆಗೆ ಬಂದೂಕಿನವರು ಬಂದು ನನ್ನ ಗಂಡನನ್ನು ಎಳೆದೊಯ್ದರು. ನಾಳೆ ಗಡಿಯ ಶಿಬಿರಕ್ಕೆ ಸಾಗಿಸುತ್ತಾರಂತೆ. ಅಲ್ಲಿಗೆ ಹೋದವರು ಯಾರೂ ವಾಪಸ್ಸು ಬಂದಿರಲಿಲ್ಲ.

ಕಚೇರಿಗೆ ಓಡಿಹೋದೆ. ಗೇಟಿನಲ್ಲಿ ಕಾವಲಿನವನು ನನ್ನನ್ನು ತಡೆದ. ಒಬ್ಬ ಮುದುಕಿಯನ್ನೂ ತಡೆದಿದ್ದ.

“ಲೋ, ನಾನು ನಿನ್ನ ದಂಡನಾಯಕನ ಹೆತ್ತ ತಾಯಿ ಕಣೋ! ಅವನು ಮನೆ ಕಡೆ ತಲೆ ಹಾಕಿ ಮೂರು ತಿಂಗಳಾಯ್ತು.”

ಅವರ ಕೈ ಹಿಡಿದು ನನ್ನ ಗೋಳೆಲ್ಲ ಹೇಳಿಕೊಂಡೆ. ಆಕೆ ಕನ್ನಡಕ ಏರಿಸಿ ಕಂಬ ನೋಡಿದರು. ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡರು.

“ಬಾರಮ್ಮ ನನ್ನ ಜೊತೆ” ಎಂದು ಕಾವಲಿನವನ ಬಂದೂಕನ್ನು ಪಕ್ಕಕ್ಕೆ ತಳ್ಳಿ ಒಳಗೆ ನಡೆದೇಬಿಟ್ಟರು.

ದಂಡನಾಯಕ ತನ್ನವರ ನಡುವೆ ಮೀಸೆ ತಿರುವುತ್ತಾ ಕೂತಿದ್ದ. ತಾಯಿಯನ್ನು ಕಂಡದ್ದೇ ಕೈ ಕೆಳಗಿಳಿಯಿತು.

“ಬೋರ್ಡು ಬರೆಯೋನನ್ನ ಯಾಕೋ ಹಿಡಿದೆ?”

“ನನ್ನನ್ನ ದಂಡ ಅಂತ ಬರೆದಿದಾನಮ್ಮ.”

“ಹಾಗಾದ್ರೆ ಮೊದಲು ನನ್ನನ್ನ ಹಿಡಿ. ಮೂವತ್ತು ವರ್ಷದಿಂದ ನಾನೂ ಅದನ್ನೇ ತಾನೇ ಹೇಳ್ತಾ ಬಂದಿರೋದು?”

ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಬಂದೂಕಿನವರೆಲ್ಲ ನಕ್ಕರು. ಎಷ್ಟು ಜನರನ್ನು ಹಿಡಿದಾನು?

“ಅಮ್ಮಾ, ಎಲ್ಲರ ಎದುರಿಗೆ...”

“ಎಲ್ಲರ ಎದುರಿಗೇ ಕೇಳ್ತೀನಿ. ಬಿಡ್ತೀಯೋ ಇಲ್ವೋ?”

ಅವನು ಕಿವಿ ಕೆಂಪಗೆ ಮಾಡಿಕೊಂಡು ಎದ್ದು, ತಾನೇ ಹೋಗಿ ಬೀಗ ತೆಗೆದ. ಹೊರಬಂದ ಗಂಡನ ಕೈಯನ್ನು ನಡುಬೀದಿಯಲ್ಲೇ ಗಟ್ಟಿಯಾಗಿ ಹಿಡಿದುಕೊಂಡೆ. ಖುಷಿಗೆ ಅಳು ಬಂತು, ಜೊತೆಗೇ ಬೈಗುಳವೂ ಬಂತು. ಮನೆ ಮುಟ್ಟುವವರೆಗೂ ಎರಡನ್ನೂ ನಿಲ್ಲಿಸಲಿಲ್ಲ.