ದಪ್ಪಕ್ಕನ ಗಾಲಿ

ಒಂದು ಡಬ್ಬಿ ಬಿಚ್ಚುವುದಕ್ಕೆ ಇಷ್ಟು ಹೊತ್ತು ಬೇಕೇ ಎಂದು ಯಾರಾದರೂ ಕೇಳಿಯಾರು. ಹಲ್ಲಿನ ಡಾಕ್ಟರಿಗೆ ಬೇಕು. ಮೊದಲು ಕೈ ತೊಳೆದುಕೊಂಡು ಬಂದರು. ಆಮೇಲೆ ಕ್ಲಿನಿಕ್ಕಿನ ತೆಳು ಗ್ಲೌಸು ಹಾಕಿಕೊಂಡರು. ಆಮೇಲೆ ಅಂಟುಪಟ್ಟಿಯನ್ನು ಬ್ಲೇಡಿನಲ್ಲಿ ಸೀಳಿ, ಒಳಗಿನ ಸ್ಪಂಜುಗಳನ್ನು ಒಂದೊಂದಾಗಿ ತೆಗೆದು, ಹೊಸ ಮದುಮಗಳ ಒಡವೆಯೋ ಎಂಬಂತೆ ಪಕ್ಕಕ್ಕೆ ಇಟ್ಟರು. ಕಂಪನಿಯವರು ಇವತ್ತು ಬಿಡುತ್ತೇವೆ, ನಾಳೆ ಬಿಡುತ್ತೇವೆ ಎಂದು ವರ್ಷಗಟ್ಟಲೆ ಆಟ ಆಡಿಸಿ ಕೊನೆಗೂ ಈ ತಿಂಗಳು ಮಾರುಕಟ್ಟೆಗೆ ಬಿಟ್ಟ ಉಗಿ ಇಂಜಿನ್ನಿನ ಮಾಡೆಲ್ಲು ಅದು. ಉದ್ದ ಗೇಣಿಗಿಂತ ತುಸು ಹೆಚ್ಚು. ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಆಕಳಿಸಿದೆ.

ನನಗೆ ರೈಲಿನ ಹುಚ್ಚಿಲ್ಲ. ಹುಚ್ಚಿರುವುದು ಅಪ್ಪನಿಗೆ, ಮತ್ತು ಇಲ್ಲಿ ಸೇರುವ ಇವರೆಲ್ಲರಿಗೆ. ಕುರ್ಚಿ ಮೇಜು ಮಾರುವ ಅಂಗಡಿಯ ಮೇಲಿನ ಉದ್ದನೆಯ ಕೋಣೆ. ಸೊಂಟದೆತ್ತರದ ಹಲಗೆಗಳ ಮೇಲೆ ನಾಲ್ಕೂ ಗೋಡೆ ಸುತ್ತಿ ಪುಟ್ಟ ಹಳಿ ಹೋಗುತ್ತದೆ. ನಿಲ್ದಾಣ, ಗೂಡ್ಸ್ ಶೆಡ್ಡು, ಪಾದಚಾರಿ ಸೇತುವೆ, ನೀರಿನ ತೊಟ್ಟಿ, ಎಲ್ಲವನ್ನೂ ಇವರೇ ಕೂತು ಮಾಡಿದ್ದು. ಭಾನುವಾರ ಮಧ್ಯಾಹ್ನವಾದರೆ ಸಾಕು, ತಲೆ ನರೆತ ಗಂಡಸರು ಚಿಮಟದಲ್ಲಿ ಹಸಿರು ಪುಡಿ ಎತ್ತಿ ಅಂಟಿಸುತ್ತಾ ಹುಲ್ಲು ಬೆಳೆಸುತ್ತಾರೆ. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಿ ಎಂದರೆ ಇವರಿಗೆ ಪುರುಸೊತ್ತಿರುವುದಿಲ್ಲ.

ಅಪ್ಪ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದ. ನಿವೃತ್ತನಾಗಿ ಎಷ್ಟೋ ಕಾಲವಾಯಿತು, ಮೊಣಕಾಲೂ ಕೈಕೊಟ್ಟಿದೆ. ಈ ಅಂಗಡಿಯ ಮೆಟ್ಟಿಲೋ, ಕಡಿದು, ಇಕ್ಕಟ್ಟು. ಒಂದು ಕೈ ಗೋಡೆಯ ಕಂಬಿಯ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ ಇಟ್ಟು, ಪೂರಾ ಭಾರ ನನ್ನ ಮೇಲೆ ಬಿಟ್ಟು ಹತ್ತುತ್ತಾನೆ. ವಾರವೆಲ್ಲ ನಾನು ಬಟ್ಟೆ ರಿಪೇರಿ ಅಂಗಡಿಯಲ್ಲಿ ಕೂತು ಪ್ಯಾಂಟು ಗಿಡ್ಡ ಮಾಡಿ, ಜಿಪ್ಪು ಬದಲಿಸಿ, ದಪ್ಪಗಾದವರ ಅಂಗಿಗಳ ಹೊಲಿಗೆ ಬಿಚ್ಚಿ ಅಗಲ ಮಾಡಿ, ಸಂಜೆಗೆ ಬೆನ್ನು ನೆಟ್ಟಗೆ ಮಾಡಲು ಗೋಡೆ ಹಿಡಿಯಬೇಕು. ಇರುವುದು ಒಂದು ಭಾನುವಾರ. "ಒಂದು ದಿನವಾದ್ರೂ ಮಲಕ್ಕೊಳ್ಳೇ" ಎಂದು ನಮ್ಮ ಮನೆಯವರು ಗೊಣಗುತ್ತಾರೆ. ಅವರು ಕರೆದುಕೊಂಡು ಬರಬಹುದಲ್ಲ ಅಂತೀರಾ? ಅವರಿಗೆ ಭಾನುವಾರವೇ ಡ್ಯೂಟಿ.

ಹೋದ ವಾರ ಮೆಟ್ಟಿಲ ತಿರುವಿನಲ್ಲಿ ಅಪ್ಪ ಮುಗ್ಗರಿಸಿದ. ಹಿಡಿಯಲು ಹೋಗಿ ನನ್ನ ಸೊಂಟ ಉಳುಕಿತು. ಕಣ್ಣಲ್ಲಿ ನೀರೇ ಬಂತು. "ಸಾಕಾಗಿ ಹೋಗಿದೆ ಕಣಪ್ಪಾ ನನಗೆ. ಯಾವಾಗ ಮುಗಿಯುತ್ತೋ ಇದು" ಎಂದುಬಿಟ್ಟೆ. ಆ ವಾರವಿಡೀ ಮನೆಯಲ್ಲಿ ಅಪ್ಪ ಉಪ್ಪು ಬೇಕಾದರೂ ನನ್ನನ್ನು ಕೇಳದೆ ತಾನೇ ಎದ್ದು ಹೋಗಿ ತೆಗೆದುಕೊಂಡ.

ಅದು ಮುಗಿಯುವ ದಾರಿ ಈಗ ಈ ಡಬ್ಬಿಯಲ್ಲಿ ಬಂದಿತ್ತು. ಹೇಗೆಂದರೆ, ನಮ್ಮೂರಿನ ದಾರಿಯಲ್ಲಿ ಹಿಂದೆ ಒಂದು ಉಗಿ ಇಂಜಿನ್ನು ಓಡುತ್ತಿತ್ತು. ಬಾಯ್ಲರು ಅಗಲವಾಗಿತ್ತೆಂದು ರೈಲ್ವೆಯವರು ಅದನ್ನು ದಪ್ಪಕ್ಕ ಎಂದು ಕರೆಯುತ್ತಿದ್ದರು. ಅದನ್ನು ಗುಜರಿಗೆ ಹಾಕಿದ ಮೇಲೆ ಅಪ್ಪ ಹಿತ್ತಾಳೆ ತಗಡು ಕತ್ತರಿಸಿ, ಬೆಸುಗೆ ಹಾಕಿ, ಕೈಯಾರೆ ಅದರ ಮಾಡೆಲ್ಲು ಮಾಡಿದ. ಅಂದಿನಿಂದ ಈ ಕೋಣೆಯಲ್ಲಿ ಭಾನುವಾರ ಓಡುವ ಪ್ಯಾಸೆಂಜರ್ ರೈಲನ್ನು ಎಳೆಯುವುದು ಅಪ್ಪನ ದಪ್ಪಕ್ಕನೇ. ಈಗ ಅದರ ಮೋಟಾರು ಕೆಮ್ಮುತ್ತದೆ, ಅಪ್ಪನ ಕೈ ನಡುಗುತ್ತದೆ. "ನನ್ನ ಇಂಜಿನ್ ಓಡೋವರೆಗೂ ನಾನು ಹತ್ತಿ ಬರ್ತೀನಿ. ಅದು ನಿಂತ ದಿನ ನಾನೂ ನಿಂತೆ" ಎಂದು ಅವನು ಎಲ್ಲರ ಮುಂದೆ ಹೇಳಿಬಿಟ್ಟಿದ್ದ. ಡಾಕ್ಟರು ತಂದದ್ದು ಅದೇ ದಪ್ಪಕ್ಕನ ಕಾರ್ಖಾನೆ ಮಾಡೆಲ್ಲು. ಇವತ್ತು ಅದು ಪಾಸಾದರೆ ಭಾನುವಾರದ ರೈಲು ಅದಕ್ಕೆ ಹೋಗುತ್ತದೆ, ಅಪ್ಪನದು ಗಾಜಿನ ಪೆಟ್ಟಿಗೆ ಸೇರುತ್ತದೆ, ನಾನು ಮನೆಯಲ್ಲಿ ಹೊದ್ದು ಮಲಗುತ್ತೇನೆ. ಸುಳ್ಳು ಯಾಕೆ ಹೇಳಲಿ, ಪಾಸಾಗಲಿ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಹೊಸ ಇಂಜಿನ್ನಿಗೆ ಇವರದೊಂದು ಪದ್ಧತಿಯಿದೆ. ಮೊದಲು ಅದು ಒಂದು ಪೂರ್ತಿ ಸುತ್ತು ಓಡಬೇಕು, ಆವರೆಗೆ ಯಾರೂ ತುಟಿ ಬಿಚ್ಚುವ ಹಾಗಿಲ್ಲ. ಆಮೇಲೆ ಒಬ್ಬೊಬ್ಬರೂ ಒಂದು ಮೆಚ್ಚುಗೆ, ಒಂದು ಹುಳುಕು ಹೇಳಬೇಕು. ತಂದವರು ವಾದ ಮಾಡಕೂಡದು. ಕೊನೆಯ ಮಾತು ಅಪ್ಪನದು, ಇವರಿಗೆಲ್ಲ ಅವನೇ ಗುರು. ಅವನು ಹೂಂ ಎಂದರೆ ಶೆಡ್ಡಿನಲ್ಲಿ ಅದಕ್ಕೊಂದು ಹಳಿ.

ಡಾಕ್ಟರು ಇಂಜಿನ್ನನ್ನು ಹಳಿಗಿಟ್ಟು ಗುಂಡಿ ತಿರುಗಿಸಿದರು. ಚಿಮಣಿಯಿಂದ ಎಳೆ ಹೊಗೆ ಬಂತು. ಒಳಗೆ ಅದೇನು ಇಟ್ಟಿದ್ದರೋ, ಉಸ್ ಬುಸ್ ಎನ್ನುತ್ತಾ, ಸೇತುವೆಯ ಹತ್ತಿರ ತಾನೇ ಸೀಟಿ ಹೊಡೆಯಿತು. ಸೀಟಿ ಕೇಳಿದ್ದೇ ತಡ, ಎಲ್ಲರ ಮುಖವೂ ಅರಳಿತು. ನನ್ನ ಮುಖ ಎಲ್ಲರಿಗಿಂತ ಹೆಚ್ಚು.

ಸುತ್ತು ಮುಗಿಯಿತು. ಮೊದಲು ಅಧ್ಯಕ್ಷರು, ಅಂದರೆ ಕೆಳಗಿನ ಅಂಗಡಿಯ ಮಾಲೀಕರು, ಗಂಟಲು ಸರಿ ಮಾಡಿಕೊಂಡರು. "ಓಟ ಬೆಣ್ಣೆ ಕಣ್ರೀ. ಅದಕ್ಕೆ ಎರಡು ಮಾತಿಲ್ಲ. ಬಣ್ಣಾನೂ ಚೆನ್ನಾಗಿದೆ. ಹುಳುಕು ಅಂದ್ರೆ... ಹೇಗೆ ಹೇಳೋದು, ಸ್ವಲ್ಪ ಸಣ್ಣಕ್ಕೆ ಕಾಣುತ್ತಪ್ಪ."

"ಸಣ್ಣಕ್ಕೆ ಅಂದ್ರೆ?" ಎಂದು ಡಾಕ್ಟರು ಬಾಯಿ ಹಾಕಿದರು.

"ಮಾತಾಡೋ ಹಾಗಿಲ್ಲ ಡಾಕ್ಟ್ರೇ, ಪದ್ಧತಿ" ಎಂದರು ಇನ್ನೊಬ್ಬರು. ಇವರನ್ನು ಎಲ್ಲರೂ ರಿವೆಟ್ಟು ಎಂದೇ ಕರೆಯುವುದು. ತೆರಿಗೆ ಕಚೇರಿಯ ಗುಮಾಸ್ತರು. ಯಾವ ಇಂಜಿನ್ನು ಬಂದರೂ ಭೂತಗನ್ನಡಿ ಹಿಡಿದು ಅದರ ಮೈಮೇಲಿನ ರಿವೆಟ್ಟುಗಳನ್ನು, ಅಂದರೆ ತಗಡು ಕೂಡಿಸುವ ಗುಂಡುತಲೆ ಮೊಳೆಗಳನ್ನು, ಎಣಿಸುತ್ತಾರೆ. "ರಿವೆಟ್ಟು ಒಂದೂ ತಪ್ಪಿಲ್ಲ. ಅದಕ್ಕೆ ನನ್ನ ಮೆಚ್ಚುಗೆ. ಆದ್ರೆ ಅಧ್ಯಕ್ಷರು ಹೇಳಿದ್ದು ಸರಿ. ಪ್ಲಾಟ್‌ಫಾರ್ಮ್ ಪಕ್ಕ ನಿಂತಾಗ ನೋಡಿ, ಕುಳ್ಳಗೆ ಕೂತ ಹಾಗಿದೆ. ನಮ್ಮ ಗುರುಗಳ ದಪ್ಪಕ್ಕ ನಿಂತ್ರೆ ಇಂಜಿನ್ ಹತ್ತೋ ಮೆಟ್ಟಿಲಿಗೂ ಪ್ಲಾಟ್‌ಫಾರ್ಮಿಗೂ ಸಮ ಬರುತ್ತೆ."

ರಿವೆಟ್ಟು ಸುಮ್ಮನೆ ಕೂರುವ ಆಸಾಮಿಯಲ್ಲ. ಕಿಸೆಯಿಂದ ಉಕ್ಕಿನ ಅಳತೆ ಚಿಮಟ ತೆಗೆದು ಹೊಸದರ ದೊಡ್ಡ ಗಾಲಿಯನ್ನು ಅಳೆದರು. ಆಮೇಲೆ ಅಪ್ಪನ ದಪ್ಪಕ್ಕನನ್ನು ಮೆಲ್ಲಗೆ ಎತ್ತಿ ಅದರದೂ ಅಳೆದರು. ಇನ್ನೊಮ್ಮೆ ಅಳೆದರು. ಹುಬ್ಬು ಮೇಲೆ ಹೋಯಿತು.

"ಗಾಲಿಯಲ್ಲೇ ವ್ಯತ್ಯಾಸ ಇದೆ. ಹೊಸದರದು ಚಿಕ್ಕದು. ಎರಡರಲ್ಲಿ ಒಂದು ತಪ್ಪು."

ಡಾಕ್ಟರು ಗ್ಲೌಸು ಹಾಕಿದ ಕೈ ಎರಡನ್ನೂ ಎದೆಗೆ ಒತ್ತಿಕೊಂಡು ನಿಂತಿದ್ದರು, ಪಾಪ. ಅಷ್ಟು ವರ್ಷ ಕಾದದ್ದು ಹುಳುಕು ಎನಿಸಿಕೊಂಡರೆ ಯಾರಿಗೆ ತಡೆದೀತು. ನನ್ನದೂ ಅದೇ ಸಂಕಟ. ಅಯ್ಯೋ, ಹಾಳಾದ ಗಾಲಿ, ಇನ್ನೊಂದು ಕೂದಲೆಳೆ ದೊಡ್ಡದಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಕಂಪನಿಯವರಿಗೆ ಹಿಡಿಶಾಪ ಹಾಕಿದೆ.

"ಗುರುಗಳೇ, ನೀವೇ ಹೇಳ್ಬೇಕು" ಎಂದರು ಅಧ್ಯಕ್ಷರು.

ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಜರುಗಿದ. ಹೊಸ ಇಂಜಿನ್ನನ್ನು ನೋಡಿದ, ತನ್ನದನ್ನು ನೋಡಿದ. "ಹೊಸದೇ ಸರಿ. ತಪ್ಪು ನನ್ನದು" ಎಂದ.

ರಿವೆಟ್ಟು ಅಳತೆ ಚಿಮಟವನ್ನು ಮತ್ತೆ ಅಪ್ಪನ ಇಂಜಿನ್ನಿನ ಗಾಲಿಗೆ ಹಿಡಿದರು.

"ಅಳತೆ ಗಿಳತೆ ಏನೂ ತಗೊಂಡಿರಲಿಲ್ಲಪ್ಪ ನಾನು. ನೆನಪಿನ ಮೇಲೆ ಮಾಡಿದ್ದು. ಚಿಕ್ಕವನಿದ್ದಾಗ ನಮ್ಮಪ್ಪನ ಬೆರಳು ಹಿಡ್ಕೊಂಡು ಕೆಳಗೆ ನಿಂತು ನೋಡ್ತಿದ್ದೆ. ಗಾಲಿ ನನ್ನ ತಲೆಗಿಂತ ಎತ್ತರ ಕಾಣ್ತಿತ್ತು. ಕಂಡ ಹಾಗೆ ಮಾಡ್ದೆ. ಆಮೇಲೆ ನೀವೆಲ್ಲ ಅದನ್ನ ನೋಡ್ಕೊಂಡು ಪ್ಲಾಟ್‌ಫಾರ್ಮು, ಸೇತುವೆ ಎಲ್ಲ ಕಟ್ಟಿದ್ರಿ. ಅದಕ್ಕೇ ಇದು ಸಣ್ಣಗೆ ಕಾಣ್ತಿದೆ."

ಡಾಕ್ಟರ ಮುಖದಲ್ಲಿ ಜೀವ ಬಂತು. ಅಧ್ಯಕ್ಷರು ಕಣ್ಣು ಒರೆಸಿಕೊಂಡರು. ರಿವೆಟ್ಟು ಮಾತ್ರ, ಅಷ್ಟು ವರ್ಷ ದೇವರೆಂದು ನಂಬಿದ್ದು ಕಲ್ಲಾಯಿತಲ್ಲ ಎಂಬಂತೆ, ಅಪ್ಪನ ಇಂಜಿನ್ನನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು.

"ನನ್ನದನ್ನ ಪೆಟ್ಟಿಗೆಗೆ ಹಾಕ್ಬಿಡಿ" ಎಂದ ಅಪ್ಪ. "ಇನ್ನು ಮೇಲೆ ನಾನು ಹತ್ತಲ್ಲ. ಇವಳಿಗೂ ಸ್ವಲ್ಪ ಬಿಡುವಾಗ್ಲಿ, ಸಾಕಾಗಿ ಹೋಗಿದೆ ಅವಳಿಗೆ."

ನನ್ನ ಮಾತು. ನಾನು ಮೆಟ್ಟಿಲ ತಿರುವಿನಲ್ಲಿ ಆಡಿದ ಮಾತು, ಅಕ್ಷರ ಬಿಡದೆ.

ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಬೇಕಾದದ್ದು ಕೈಗೆ ಬಂದಿತ್ತು. ಆದರೆ ಅಪ್ಪ ಹೇಳಿದ್ದು ಶುದ್ಧ ಸುಳ್ಳು. ನೆನಪಿನ ಮೇಲಂತೆ! ದಪ್ಪಕ್ಕನನ್ನು ಗುಜರಿಯವರು ಕತ್ತರಿಸುವ ಮುಂಚೆ ಅಪ್ಪ ನನ್ನನ್ನು ಸ್ಕೂಲಿನಿಂದ ಸೀದಾ ಯಾರ್ಡಿಗೆ ಕರೆದುಕೊಂಡು ಹೋಗಿದ್ದ. ಮಂಡಿಯೆತ್ತರ ಹುಲ್ಲು, ಅದರ ನಡುವೆ ತುಕ್ಕು ಹಿಡಿದ ಅದು. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಗಾಲಿಯ ಕೆಳಗೆ ಕೂರಿಸಿ, ತಾನು ಮೇಲೆ ನಿಂತು ಅಳೆದ. "ಬಿಗಿಯಾಗಿ ಹಿಡ್ಕೋ, ಸಡಿಲ ಬಿಡಬೇಡ" ಎಂದು ಎಷ್ಟು ಸಲ ಗದರಿದನೋ. ಒಂದು ನಾಯಿ ಬಂತೆಂದು ನಾನು ತಿರುಗಿ ನೋಡಿದ್ದಕ್ಕೆ ಮೊದಲಿಂದ ಅಳೆಸಿದ. ಯೂನಿಫಾರ್ಮಿಗೆ ಮೆತ್ತಿದ ಗ್ರೀಸು ಹೋಗಲೇ ಇಲ್ಲ, ಅಮ್ಮನ ಕೈಲಿ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ. ಅಪ್ಪ ಜೀವನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದಾನೆ, ಅಮ್ಮನಿಗೆ, ಸಾಹೇಬರಿಗೆ, ನನಗೆ. ಅಳತೆಯ ವಿಷಯದಲ್ಲಿ ಒಂದೂ ಹೇಳಿದವನಲ್ಲ. ಈಗ ಹೇಳುತ್ತಿದ್ದಾನೆ, ನನ್ನ ಸೊಂಟನೋವಿಗಾಗಿ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸ್ಟೂಲಿನಿಂದ ಎದ್ದೇಬಿಟ್ಟೆ.

"ಸುಳ್ಳು" ಎಂದೆ.

ಎಲ್ಲರೂ ತಿರುಗಿದರು. ಈ ಕೋಣೆಯಲ್ಲಿ ಇಷ್ಟು ವರ್ಷ ನಾನು ಟೀ ಸಾಕು, ಬಿಸ್ಕತ್ತು ಬೇಡ ಎನ್ನುವುದು ಬಿಟ್ಟು ಬೇರೆ ಮಾತಾಡಿದವಳಲ್ಲ.

"ಅಪ್ಪ ಸುಳ್ಳು ಹೇಳ್ತಿದಾನೆ. ಅವನು ಆ ಇಂಜಿನ್ನಿನ ಮೈಯೆಲ್ಲ ಅಳೆದಿದ್ದಾನೆ. ಟೇಪಿನ ಇನ್ನೊಂದು ತುದಿ ಹಿಡ್ಕೊಂಡು ಕೂತಿದ್ದೋಳು ನಾನು."

"ಅವಳಿಗೇನು ಗೊತ್ತು, ಆಗ ಇಷ್ಟುದ್ದ ಇದ್ಲು" ಎಂದು ಅಪ್ಪ ಕೈ ಬೀಸಿದ.

"ಇಷ್ಟುದ್ದ ಇದ್ದಿದ್ದಕ್ಕೇ ಗಾಲಿ ಕೆಳಗೆ ಕೂರಿಸಿದ್ದು ನೀನು! ಒಂದೊಂದು ಗಾಲೀನೂ ಎರಡೆರಡು ಸಲ ಅಳೆಸಿದೆ. ಉಸಿರಾಡೋಕೂ ಬಿಡ್ಲಿಲ್ಲ. ಈಗ ಬಂದು ನೆನಪಂತೆ, ಬೆರಳಂತೆ! ನಿಮ್ಮಪ್ಪ ನಿನ್ನನ್ನ ಒಂದು ದಿನಾನೂ ಸ್ಟೇಷನ್ನಿಗೆ ಕರ್ಕೊಂಡು ಹೋಗಿರಲಿಲ್ಲ ಅಂತ ನೀನೇ ಅಲ್ವಾ ಗೋಳಾಡೋದು?"

ಅಪ್ಪ ಕುರ್ಚಿಯ ಕೈ ಹಿಡಿದುಕೊಂಡು ತಲೆ ತಗ್ಗಿಸಿದ. ಅವನ ಭುಜ ಅಲ್ಲಾಡಿದ್ದು ನೋಡಿ ಅಳುತ್ತಿದ್ದಾನೆಂದು ಗಾಬರಿಯಾಯಿತು. ಹತ್ತಿರ ಹೋದರೆ ನಗುತ್ತಿದ್ದ, ಕಣ್ಣಲ್ಲಿ ನೀರು ಮಾತ್ರ ನಿಜವಾದದ್ದು.

"ನಾನು ಹೇಳ್ಲಿಲ್ವಾ! ಹೇಳ್ಲಿಲ್ವಾ!" ಎಂದು ರಿವೆಟ್ಟು ಕುಣಿಯುವುದೊಂದು ಬಾಕಿ. ದಪ್ಪಕ್ಕನನ್ನು ಅವರು ಹಳಿಯ ಮೇಲಿಟ್ಟ ರೀತಿ ನೋಡಿದರೆ ನಗು ಬರಬೇಕು. ಡಾಕ್ಟರು ಮಾತ್ರ ಒಂದೊಂದೇ ಬೆರಳಿನಿಂದ ಗ್ಲೌಸು ಎಳೆದು ತೆಗೆಯುತ್ತಿದ್ದರು.

ಅಪ್ಪ ಅವರನ್ನು ಹತ್ತಿರ ಕರೆದ. "ಬೇಜಾರು ಮಾಡ್ಕೋಬೇಡಿ ಡಾಕ್ಟ್ರೇ. ಇಂಜಿನ್ ಕೆಟ್ಟದಲ್ಲ. ಬೇರೆ ದಾರೀಲಿ ಇದೇ ರೂಪದ ಇನ್ನೊಂದು ಜಾತಿ ಇಂಜಿನ್ ಓಡ್ತಿತ್ತು, ಅದಕ್ಕೆ ಗಾಲಿ ಚಿಕ್ಕದು. ಕಂಪನಿಯವರು ಅದನ್ನ ನೋಡಿ ಮಾಡಿ, ನಮ್ಮದರ ಹೆಸರು ಬರೆದಿದಾರೆ. ಇದು ದಪ್ಪಕ್ಕ ಅಲ್ಲ, ದಪ್ಪಕ್ಕನ ತಂಗಿ. ಗೂಡ್ಸ್ ಎಳೀಲಿ. ಪಾಸು."

"ಸೀಟಿ?" ಎಂದು ಡಾಕ್ಟರು ಸಣ್ಣ ದನಿಯಲ್ಲಿ ಕೇಳಿದರು.

"ಸೀಟಿ ನನ್ನದಕ್ಕಿಂತ ಚೆನ್ನಾಗಿದೆ. ನನ್ನದಕ್ಕೆ ಸೀಟಿಯೇ ಇಲ್ಲ."

ಭಾನುವಾರದ ರೈಲನ್ನು ಹಳೆಯ ದಪ್ಪಕ್ಕನೇ ಎಳೆಯಿತು, ಕೆಮ್ಮುತ್ತಾ, ಸೇತುವೆಯ ಹತ್ತಿರ ಒಂದು ಸಲ ನಿಂತು, ಅಧ್ಯಕ್ಷರ ಬೆರಳಿನ ತಳ್ಳು ತಿಂದು. ಮುಂದಿನ ವಾರ ಮೋಟಾರು ಬಿಚ್ಚುವುದೆಂದು ಮಾತಾಯಿತು. ಬಿಚ್ಚುವವರು ರಿವೆಟ್ಟು, ಪಕ್ಕದಲ್ಲಿ ಕೂತು ಹೇಳಿಕೊಡುವವನು ಅಪ್ಪ. ಒಂದು ವಾರದ ಕೆಲಸವಲ್ಲವಂತೆ ಅದು. ನಾನು ಕೇಳಿಸಿಕೊಂಡೆ. ನನ್ನ ಭಾನುವಾರಗಳನ್ನೆಲ್ಲ ನಾನೇ ಕೈಯಾರೆ ಎತ್ತಿ ಕೊಟ್ಟಿದ್ದೆ, ಈಗ ಯಾರನ್ನು ಬೈಯಲಿ.

ಇಳಿಯುವಾಗ ಅಪ್ಪ ಹತ್ತುವಾಗಿನದಕ್ಕಿಂತ ಭಾರ. ತಿರುವಿನಲ್ಲಿ ನಿಂತು ಉಸಿರು ಎಳೆದುಕೊಂಡ. ಮೇಲೆ ಡಾಕ್ಟರು ಸೀಟಿಯ ಮೇಲೆ ಸೀಟಿ ಹೊಡೆಸುತ್ತಿದ್ದರು.

"ನಿನಗೆ ಬಿಡುವು ಬೇಡ್ವೇನೇ?" ಎಂದ.

"ಬೇಕು."

"ಮತ್ತೆ ಯಾಕೆ ಬಾಯಿ ಹಾಕ್ದೆ? ನಾನು ಎಲ್ಲ ಸರಿ ಮಾಡಿದ್ದೆ."

ಸಾಕಾಗಿದೆ ಎನ್ನುವುದು ಈಗಲೂ ನಿಜವೇ. ಸೊಂಟ ಹೋದ ವಾರದಷ್ಟೇ ನೋಯುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಡೋಣ ಎನಿಸಿತು. ಕೂತರೆ ಅವನನ್ನು ಹಿಡಿಯುವವರು ಯಾರು? ಭುಜವನ್ನು ಅವನ ಕೈಯಡಿಗೆ ಸರಿಯಾಗಿ ಒಡ್ಡಿದೆ.

"ಬಿಗಿಯಾಗಿ ಹಿಡ್ಕೋ" ಎಂದೆ. "ಸಡಿಲ ಬಿಡಬೇಡ."

ಅಪ್ಪ ಹಿಡಿದುಕೊಂಡ.