ಮಾಮಾನ ಬ್ರೌಸರಿನಲ್ಲಿದ್ದ ಕೀಲಿ

ಶಂಶಾಬಾದಿನ ಸರಕು ಸಾಗಣೆ ಕಚೇರಿಯ ಇಪ್ಪತ್ತೆರಡು ಕಂಪ್ಯೂಟರುಗಳಿಗೆ ಯಾವ ಬ್ರೌಸರ್ ಎಂದು ಅವುಗಳನ್ನು ನೋಡಿಕೊಳ್ಳುವ ಗುಣವತಿ ಮಧ್ಯಾಹ್ನ ಹನ್ನೆರಡರೊಳಗೆ ಬರೆದುಕೊಡಬೇಕಿತ್ತು. ಅದರ ಜೊತೆ ತಪ್ಪು ಮಾಡಿದವರ ಹೆಸರನ್ನೂ ಬರೆಯಬೇಕಿತ್ತು. ಹೋದ ವಾರ ಕಚೇರಿಯ ಅಡ್ಮಿನ್ ಪಾಸ್‌ವರ್ಡ್ ಕದ್ದವರು ಔಷಧದ ಪೆಟ್ಟಿಗೆಗಳನ್ನು ಯಾವುದೋ ವಿಳಾಸಕ್ಕೆ ತಿರುಗಿಸಿಬಿಟ್ಟಿದ್ದರು. ಆ ಪಾಸ್‌ವರ್ಡ್ ಸೋರಿದ್ದು ಯಾರಿಂದಲೋ ಅವರು ನಾಳೆಯಿಂದ ಬರಬೇಕಿಲ್ಲ ಎಂದು ಮ್ಯಾನೇಜರ್ ವೈಜನಾಥ ಆಗಲೇ ಗುಡುಗಿದ್ದ.

ಬ್ರೌಸರ್ ಆರಿಸುವುದೇನು ಮಹಾ! ತಾನಾಗಿ ಅಪ್‌ಡೇಟ್ ಆಗಬೇಕು, ಹೊರಗಿನಿಂದ ಬಂದು ಅಂಟಿಕೊಳ್ಳುವ ಕಂಡಕಂಡ ಎಕ್ಸ್‌ಟೆನ್ಶನ್ನುಗಳನ್ನು ಒಳಗೆ ಬಿಡಬಾರದು, ಪಾಸ್‌ವರ್ಡ್ ಉಳಿಸಿಕೊಳ್ಳಬಾರದು. ಅಂಥದ್ದನ್ನು ಬೆಳಿಗ್ಗೆಯೇ ಗೊತ್ತುಮಾಡಿ ಎಲ್ಲ ಕಡೆ ಹಾಕುತ್ತ ಬಂದಿದ್ದಳು. ಕೊನೆಯದು ಗುರುಸಿದ್ದಪ್ಪನವರ ಕಂಪ್ಯೂಟರ್. ಅದರ ಹಳೇ ಬ್ರೌಸರಿನಲ್ಲಿ ಪುಗಸಟ್ಟೆ ಸಿಕ್ಕ ಎಕ್ಸ್‌ಟೆನ್ಶನ್ ಒಂದು ಕೂತಿತ್ತು. ಉಳಿಸಿದ ಪಾಸ್‌ವರ್ಡುಗಳನ್ನು ಹೊರಗೆ ಸಾಗಿಸುತ್ತಿದ್ದ ಕಳ್ಳ ಅದೇ.

"ಮಾಮಾ, ಇದನ್ನ ಯಾವಾಗ ಹಾಕೀರಿ?"

"ಪಿಡಿಎಫ್ ತೆರೀವಲ್ಲದಾಗಿತ್ತವ್ವಾ. ಯಾಕ, ಭಾಳ ತಪ್ಪಾತೇನು?"

ಕಲಬುರಗಿಯ ಗುರುಸಿದ್ದಪ್ಪನವರು ಕಚೇರಿಯ ಕನ್ನಡದವರಿಗೆಲ್ಲ ಮಾಮಾ. ನಿವೃತ್ತಿಗೆ ಎರಡೇ ತಿಂಗಳಿತ್ತು. ಊರಿಗೆ ಹೊರಟವರು ಮನೆಯ ಕೀಲಿಯನ್ನು ಪಕ್ಕದವರಿಗೆ ಕೊಡುವಂತೆ ಪಾಸ್‌ವರ್ಡನ್ನು ಇವರಿಗೆ ಕೊಟ್ಟು ಹೋಗುವುದು ಇಲ್ಲಿಯ ರೂಢಿ. ಅವರು ಬರುವತನಕ ಕೆಲಸ ನಿಲ್ಲದಂತೆ ಇವರೇ ನೋಡಿಕೊಳ್ಳುತ್ತಿದ್ದರು. ಮರೆಯಬಾರದೆಂದು ಎಲ್ಲವನ್ನೂ ಬ್ರೌಸರಿನಲ್ಲೇ ಉಳಿಸಿದ್ದರು.

ಗುಣವತಿ ಆ ಪಟ್ಟಿ ತೆರೆದಳು. ಕೃಪಾ, ದೀಪಕ, ಅಮಿತಾ. ಕೆಳಗೆ ಅಡ್ಮಿನ್, ಅವಳೊಬ್ಬಳ ಬಳಿ ಮಾತ್ರ ಇರಬೇಕಾದದ್ದು.

ತಂಗಿಯ ಮದುವೆಗೆ ಹೊರಟ ಅವಸರದಲ್ಲಿ ತಾನೇ ಅದನ್ನು ಮಾಮಾಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಬಂದ ಮೇಲೆ ಬದಲಿಸಬೇಕೆಂಬುದನ್ನೇ ಮರೆತಿದ್ದಳು. ಊರಿಗೆಲ್ಲ ಜೋಪಾನ ಹೇಳುವವಳು!

ಗುರುಸಿದ್ದಪ್ಪನವರಿಗೂ ಅರ್ಥವಾಯಿತು. ಮೆಲ್ಲಗೆ ಮೌಸಿನತ್ತ ಕೈ ಚಾಚಿದರು. "ಈ ಸಾಲು ಅಳಿಸಿಬಿಡ್ತೀನಿ. ಯಾರರ ಕೇಳಿದ್ರ ನಿನ್ನ ಪಾಸ್‌ವರ್ಡ್ ನಾನೇ ಕದ್ದು ನೋಡಿಕೊಂಡಿದ್ದೆ ಅಂತೀನಿ. ನಂದು ಹೆಂಗೂ ಮುಗೀಲಾಕ ಬಂದೈತಿ. ನಿನಗ ಸಣ್ಣ ಕೂಸೈತಿ."

ಮೂವತ್ತು ವರ್ಷ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ ಕಳ್ಳ ಎನ್ನಿಸಿಕೊಂಡು ಹೊರಡಲು ಸಿದ್ಧರಾಗಿದ್ದರು. ಒಂದು ಕ್ಷಣ, ಒಂದೇ ಕ್ಷಣ, ಗುಣವತಿಗೆ ಮಗಳ ಮುಖ ಕಣ್ಣೆದುರು ಬಂತು. ಆಮೇಲೆ ಮೌಸನ್ನು ತನ್ನ ಕಡೆ ಎಳೆದುಕೊಂಡಳು.

ಹನ್ನೆರಡಕ್ಕೆ ವೈಜನಾಥ ಬಂದು ನಿಂತ. "ಬ್ರೌಸರ್ ಆತು. ಹೆಸರು?"

"ಗುಣವತಿ."

"ನಿಮ್ಮ ಹೆಸರು ಯಾರು ಕೇಳಿದ್ರು? ತಪ್ಪು ಮಾಡಿದವರದು ಹೇಳ್ರಿ."

"ಅದನ್ನೇ ಹೇಳಾಕತ್ತೀನ್ರಿ" ಎಂದು ಅವಳು ಪರದೆಯನ್ನು ಅವನತ್ತ ತಿರುಗಿಸಿದಳು.